ಎರಡು ದಿನ ಬಿಟ್ಟು ಬರುವ ಜ್ವರ

ನನ್ನ ತಂಗಿಯ ಕಣ್ಣಿನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಕಾಡಿಗೆ ಹಚ್ಚಿದ ಕಣ್ಣಿನ ಚೆಲುವಿನ ಮೇಲಲ್ಲ. ಅದಕ್ಕೂ ಒಂದು ಕಾಲದಲ್ಲಿ ಉರಿದುಕೊಂಡಿದ್ದೆ, ಈಗ ಅದು ಹಳೆಯ ಮಾತು. ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ ಕಣ್ಣಿನ ಮೇಲೆ.

ಎರಡು ವರ್ಷದ ಹಿಂದೆ ನಾವಿಬ್ಬರೂ ಪುಣೆಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ನೋಡುತ್ತಿದ್ದೆವು. ನಾನು ಇಪ್ಪತ್ತಮೂರು ವರ್ಷದಿಂದ, ಅವಳು ಒಂಬತ್ತು ವರ್ಷದಿಂದ. ನನಗಿಂತ ಹದಿಮೂರು ವರ್ಷ ಚಿಕ್ಕವಳು. ವಿಜಯಪುರ ಜಿಲ್ಲೆಯ ನಮ್ಮೂರಿನಿಂದ ಅವಳನ್ನು ಕರೆತಂದು ಲ್ಯಾಬ್ ಕೋರ್ಸಿಗೆ ಸೇರಿಸಿದವಳು ನಾನು. ಗಾಜಿನ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಎಳೆಯುವುದನ್ನು ಕೈ ಹಿಡಿದು ಕಲಿಸಿದವಳು ನಾನು. ಬಣ್ಣ ಹಾಕಿ, ತೊಳೆದು, ಒಣಗಿಸಿ, ಎಣ್ಣೆಯ ಹನಿ ಬಿಟ್ಟು ನೋಡುವುದು ಎಲ್ಲವೂ ನನ್ನಿಂದಲೇ ಬಂದದ್ದು. ಕಲಿತ ಮೇಲೆ ಅವಳು ನನ್ನ ಹಾಗೆಯೇ ಆಗಿದ್ದರೆ ಹೆಮ್ಮೆಪಡುತ್ತಿದ್ದೆ. ಆದರೆ ಅವಳು ನನಗಿಂತ ಚೆನ್ನಾಗಿ ನೋಡುತ್ತಿದ್ದಳು. ಅಷ್ಟೂ ಸಾಲದೆಂಬಂತೆ, ನನಗೆ ಚಾಳೀಸು ಬಂದು ಐಪೀಸಿನ ಮುಂದೆ ಕನ್ನಡಕ ಹಾಕಲೋ ತೆಗೆಯಲೋ ಎಂದು ಒದ್ದಾಡುವ ಹೊತ್ತಿಗೆ ಅವಳು ಬಂದು ಕೂತು, ಸ್ಲೈಡು ಸರಿಸಿ, ಬರೆದು ಎದ್ದುಹೋಗಿರುತ್ತಿದ್ದಳು. ಊರಿಂದ ಅವ್ವ ಫೋನು ಮಾಡಿದರೆ ನನ್ನನ್ನು ಕೇಳುತ್ತಿದ್ದದ್ದು ಮಂಡಿನೋವು. ಅವಳನ್ನು ಕೇಳುತ್ತಿದ್ದದ್ದು ಇವತ್ತು ಏನು ಹಿಡಿದೆ ಎಂದು.

ಲ್ಯಾಬಿನಲ್ಲಿ ಈಗ ಎಲ್ಲದಕ್ಕೂ ಮಷಿನ್ನುಗಳಿವೆ. ಮಲೇರಿಯಾ ಮಾತ್ರ ಇನ್ನೂ ಕಣ್ಣಿನ ಕೆಲಸ. ಕಾರ್ಡ್ ಟೆಸ್ಟ್ ಇದೆ, ನಿಜ. ಒಂದು ಹನಿ ರಕ್ತ ಹಾಕಿದರೆ ಸ್ವಲ್ಪ ಹೊತ್ತಿಗೆ ಗೆರೆ ಮೂಡುತ್ತದೆ. ಆದರೆ ನಾವು ಬಳಸುವ ಕಾರ್ಡು ನಮ್ಮ ಕಡೆ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಮತ್ತು ಫಾಲ್ಸಿಪಾರಮ್ ಎಂಬ ಎರಡು ಬಗೆಗೆಂದು ಮಾಡಿದ್ದು. ಬಗೆ ಬೇರೆಯಾಗಿದ್ದರೆ, ಅಥವಾ ರಕ್ತದಲ್ಲಿ ಪ್ಯಾರಾಸೈಟು ತೀರ ಕಡಿಮೆಯಿದ್ದರೆ, ಗೆರೆ ಮೂಡದೆಯೇ ಹೋಗಬಹುದು. ಆಗ ಸ್ಲೈಡೇ ಗತಿ. ದಪ್ಪ ಹನಿಯಲ್ಲಿ ಪ್ಯಾರಾಸೈಟು ಇದೆಯೋ ಇಲ್ಲವೋ ನೋಡುತ್ತೇವೆ, ತೆಳು ಪದರದಲ್ಲಿ ಅದು ಯಾವ ಬಗೆಯೆಂದು ನೋಡುತ್ತೇವೆ. ಇಲ್ಲ ಎಂದು ಬರೆಯುವ ಮುಂಚೆ ಕಡಿಮೆಯೆಂದರೂ ನೂರು ಕಡೆ ಸರಿಸಿ ನೋಡಬೇಕು. ನಮ್ಮಲ್ಲಿ ಇನ್ನೊಂದು ರೂಢಿಯಿತ್ತು. ಅನುಮಾನದ ಸ್ಲೈಡನ್ನು ಎರಡನೆಯವರಿಗೆ ತೋರಿಸಬೇಕು, ಆ ಎರಡನೆಯವರು ಹೇಳಿದ್ದೇ ರಿಪೋರ್ಟಿಗೆ ಹೋಗಬೇಕು. ಆ ಎರಡನೆಯವಳು ನಾನು. ಆದರೆ ಲ್ಯಾಬಿನ ಡಾಕ್ಟರು, ನಾವೆಲ್ಲ ಮ್ಯಾಡಮ್ ಎನ್ನುವ ಮರಾಠಿ ಹೆಂಗಸು, ಆ ವರ್ಷದಿಂದ ತಮ್ಮ ಅನುಮಾನದ ಸ್ಲೈಡುಗಳನ್ನು ನನ್ನ ಮೇಜು ದಾಟಿಸಿಕೊಂಡು ಹೋಗಿ ತಂಗಿಗೆ ತೋರಿಸಲು ಶುರುಮಾಡಿದ್ದರು. ದೀಪಾವಳಿ ಹೊತ್ತಿಗೆ ಎರಡನೆಯ ಕಣ್ಣು ಯಾರದೆಂದು ತೀರ್ಮಾನ ಮಾಡುತ್ತೇನೆ ಎಂದೂ ಹೇಳಿಬಿಟ್ಟಿದ್ದರು. ಹೇಳಿದ್ದು ಇಬ್ಬರಿಗೂ, ನೋಡಿದ್ದು ಅವಳ ಕಡೆ.

ನನ್ನ ಇನ್ನೊಂದು ಆಸೆಯನ್ನೂ ಹೇಳಬೇಕು. ಮಲೇರಿಯಾದಲ್ಲಿ ಅಪರೂಪದ ಬಗೆಗಳಿವೆ. ಓವೇಲ್ ಎಂಬುದು ಹೆಚ್ಚಾಗಿ ಆಫ್ರಿಕಾಕ್ಕೆ ಹೋಗಿಬಂದವರಲ್ಲಿ ಸಿಗುತ್ತದೆ. ವೈವ್ಯಾಕ್ಸಿನ ಹಾಗೆ ಅದೂ ಲಿವರಿನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಬಿಟ್ಟು ಏಳುತ್ತದೆ. ಅದಕ್ಕೇ ಕ್ಲೋರೋಕ್ವಿನ್ ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ನೋಲೆಸಿ ಎಂಬುದು ಮಲೇಶಿಯಾ ಕಡೆಯ ಕಾಡುಗಳಲ್ಲಿ ಮಂಗಗಳಿಂದ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವಂಥದು. ಜ್ವರ ದಿನಾ ಏರುತ್ತದೆ, ಬೇಗ ಕೈಮೀರುತ್ತದೆ, ಕಾಯುತ್ತ ಕೂರುವಂತಿಲ್ಲ. ಮೂರನೆಯದರ ಹೆಸರೇ ಮಲೇರಿಯೇ. ಒಂದು ದಿನ ಜ್ವರ, ಎರಡು ದಿನ ಬಿಡುವು, ಮತ್ತೆ ಜ್ವರ. ಲಿವರಿನಲ್ಲಿ ಅಡಗುವುದಿಲ್ಲವಾದ್ದರಿಂದ ಪ್ರೈಮಾಕ್ವಿನ್ ಬೇಕಿಲ್ಲ, ಮೂರು ದಿನದ ಕ್ಲೋರೋಕ್ವಿನ್ ಸಾಕು. ಆದರೆ ಗುರುತಿಸದೆ ಬಿಟ್ಟರೆ ರಕ್ತದಲ್ಲೇ ವರ್ಷಗಟ್ಟಲೆ ಇದ್ದು ಕಿಡ್ನಿಗೆ ಕೈ ಹಾಕಬಹುದು. ಇಪ್ಪತ್ತಮೂರು ವರ್ಷದಲ್ಲಿ ಈ ಮೂರರಲ್ಲಿ ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಥದೊಂದು ಜ್ವರ ಯಾರಿಗಾದರೂ ಬರಲಿ, ಬಂದು ನನ್ನ ಸ್ಲೈಡಿನ ಮೇಲೆ ಬೀಳಲಿ ಎಂದು ಕಾಯುವುದು ಒಳ್ಳೆಯ ಹೆಂಗಸಿನ ಲಕ್ಷಣವಲ್ಲ. ಕಾದಿದ್ದೆ.

ಎರಡು ಮಳೆಗಾಲದ ಹಿಂದೆ ಯಾದಗಿರಿ ಕಡೆಯ ಗಂಡಹೆಂಡತಿ ಬಂದರು. ಕಟ್ಟಡದ ಕೆಲಸದವರು. ಅವನಿಗೆ ಜ್ವರ, ಸುಸ್ತು. ಕಾರ್ಡ್ ಟೆಸ್ಟಿನಲ್ಲಿ ಗೆರೆ ಬರಲಿಲ್ಲ. ಸ್ಲೈಡು ನಾನೇ ನೋಡಿದೆ. ಆವತ್ತು ಕಣ್ಣಲ್ಲಿ ನೀರು ಬರುತ್ತಿತ್ತು, ನೂರು ಕಡೆ ನೋಡಲಿಲ್ಲ, ಅರವತ್ತಾದ ಮೇಲೆ ಇಲ್ಲ ಎಂದು ಬರೆದೆ. ಎರಡು ವಾರದ ಮೇಲೆ ಒಂದು ಶನಿವಾರ ಮುಂಜಾನೆ ಅವರು ಹತ್ತಿರದ ಆಸ್ಪತ್ರೆಯ ಚೀಟಿ ಹಿಡಿದು ಮತ್ತೆ ಬಂದರು. ಅವನು ಚಳಿಯಿಂದ ನಡುಗುತ್ತಿದ್ದ. ಲ್ಯಾಬಿಗೆ ಬಂದವರ ಜೊತೆ ಮಾತೆಲ್ಲ ಮರಾಠಿಯಲ್ಲಿ. ಹೊರಗೆ ರಕ್ತ ತೆಗೆಯುವ ಕುರ್ಚಿಯ ಹತ್ತಿರ ನಾನು ಅವನಿಗೆ ಕನ್ನಡದಲ್ಲಿ ತೋಳು ಚಾಚಲು ಹೇಳಿದ್ದೇ ತಡ, ಹೆಂಡತಿ ಬಾಯಿ ಬಿಟ್ಟಳು.

"ಅಕ್ಕೋರೆ, ಇವತ್ತ ಬರ್ತದಂತ ನನಗ ಗೊತ್ತಿತ್ರಿ. ಅದಕ್ಕ ಕೆಲಸ ಬಿಡಿಸಿ ಕರಕೊಂಡ ಬಂದೀನಿ."

"ಜ್ವರ ಬರೋದು ಮೊದಲ ಹ್ಯಾಂಗ ಗೊತ್ತಾಗ್ತದವ್ವ?"

"ಮೊದಲ ಐತವಾರ ಬಂತ್ರಿ. ಐತವಾರ ಅಂದ್ರ ಮಲ್ಲಯ್ಯನ ವಾರ. ಜೇಜುರಿಗಿ ಹೋಗಿ ಭಂಡಾರ ಹಾರಿಸಿ ಬಂದ್ವಿ. ಮತ್ತ ನೋಡಿದ್ರ ಬುಧವಾರ ಬಂತು. ಇದು ಪಂಢರಪುರದ ವಿಠ್ಠಲಂದು ಅಂತ ಅವಗ ಬೇಡಕೊಂಡೆ. ಆಮ್ಯಾಲೆ ಶನಿವಾರ, ಹಣಮಪ್ಪ. ಮಂಗಳವಾರ ಎಲ್ಲವ್ವ. ಶುಕ್ಕರವಾರ ಲಕ್ಷ್ಮೀ. ಸ್ವಾಮಾರ ಈಶ್ವರ. ಗುರುವಾರ ಗಾಣಗಾಪುರದ ದತ್ತ. ಏಳೂ ವಾರ ತಿರುಗಿ ಮತ್ತ ಐತವಾರಕ್ಕ ಬಂತ್ರಿ. ಮೊನ್ನಿ ಬುಧವಾರನೂ ಬಂತು, ಅಂದ್ರ ಇವತ್ತ ಬರಬೇಕಲ್ರಿ. ಎಲ್ಲಾ ದ್ಯಾವರಿಗೂ ಹರಕಿ ಹೊತ್ತೀನಿ. ಯಾವ ದ್ಯಾವರ ಸಿಟ್ಟ ಅಂತ ತಿಳಿವಲ್ದು."

ಸೂಜಿ ಹಿಡಿದ ನನ್ನ ಕೈ ನಿಂತಿತು. ಭಾನುವಾರ, ಬುಧವಾರ, ಶನಿವಾರ, ಮಂಗಳವಾರ. ಎರಡೆರಡು ದಿನ ಬಿಟ್ಟು, ತಪ್ಪದೆ. ಮೊದಲು ಎಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಅವನನ್ನು ಕೇಳಿದೆ. ಮೂರು ವರ್ಷದ ಹಿಂದೆ ಒಡಿಶಾದ ಕಾಡಿನಲ್ಲಿ ಸುರಂಗದ ಕೆಲಸಕ್ಕೆ ಹೋಗಿದ್ದೆ ಎಂದ. ಹೆಂಡತಿ ಹರಕೆ ಹೊರುತ್ತ ಹೊರುತ್ತ ನನ್ನ ಓದಿನ ಒಂದು ಪಾಠವನ್ನೇ ಒಪ್ಪಿಸಿಬಿಟ್ಟಿದ್ದಳು. ಈ ಸ್ಲೈಡು ನನ್ನದು ಎಂದುಕೊಂಡೆ. ಸಂತೋಷಕ್ಕೆ ಅವನ ತೋಳಿಗೆ ಹತ್ತಿ ಒತ್ತುವುದನ್ನೂ ಮರೆತಿದ್ದೆ.

ಅಷ್ಟರಲ್ಲಿ ಇನ್ನೂ ನಾಲ್ಕು ಜನ ರಕ್ತ ಕೊಡಲು ಬಂದರು. ನಾನು ಅವರನ್ನು ಮುಗಿಸಿ ಒಳಗೆ ಹೋಗುವಾಗ ಸ್ಲೈಡಿಗೆ ಬಣ್ಣ ಹಾಕಿ, ಒಣಗಿಸಿ, ತಂಗಿ ಆಗಲೇ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದಳು.

"ಅಕ್ಕಾ, ಒಂಚೂರ ಬಾ ಇಲ್ಲೆ. ಮಲೇರಿಯಾ ಅದ. ಆದ್ರ ವೈವ್ಯಾಕ್ಸ್ ಅನಸವಲ್ದು. ಬ್ಯಾರೆನ ಕಾಣ್ಲತ್ತದ."

ಬಗ್ಗಿ ನೋಡಿದೆ. ಕೆಂಪು ರಕ್ತಕಣದ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿಗೆ, ಸೊಂಟಕ್ಕೆ ಡಾಬು ಕಟ್ಟಿದ ಹಾಗೆ ಒಂದು ನೀಲಿ ಪಟ್ಟಿ. ಕಣ ಉಬ್ಬಿರಲಿಲ್ಲ. ವೈವ್ಯಾಕ್ಸ್ ಆಗಿದ್ದರೆ ಉಬ್ಬಬೇಕಿತ್ತು, ಒಳಗೆಲ್ಲ ಗುಲಾಬಿ ಚುಕ್ಕೆಗಳಿರಬೇಕಿತ್ತು. ಸ್ವಲ್ಪ ಸರಿಸಿದೆ, ಇನ್ನೊಂದು ಪಟ್ಟಿ. ಇಷ್ಟು ವರ್ಷ ಚಿತ್ರದಲ್ಲಿ ಮಾತ್ರ ನೋಡಿದ್ದ ಮಲೇರಿಯೇ ಕಣ್ಣೆದುರಿಗಿತ್ತು, ಆದರೆ ನನಗಿಂತ ಮೊದಲು ಅವಳು ಅದನ್ನು ನೋಡಿಬಿಟ್ಟಿದ್ದಳು. ಅವಳಿಗೆ ವಾರಗಳ ಲೆಕ್ಕ ಗೊತ್ತಿಲ್ಲ, ಒಡಿಶಾ ಗೊತ್ತಿಲ್ಲ, ಬರೀ ಕಣ್ಣಿನಿಂದ ಹಿಡಿದಿದ್ದಳು. ಎರಡು ವಾರದ ಹಿಂದೆ ಇದೇ ಮನುಷ್ಯನ ರಕ್ತದಲ್ಲಿ ಏನೂ ಇಲ್ಲ ಎಂದು ಬರೆದವಳು ನಾನು.

"ವೈವ್ಯಾಕ್ಸ್ ಅದ, ಬರಿ," ಎಂದೆ.

"ಕಣ ದೊಡ್ಡದಾಗಿಲ್ಲಲ್ಲ ಅಕ್ಕಾ? ಮ್ಯಾಡಮ್‌ಗ ಒಂದು ಫೋಟೋ ಕಳಸ್ಲೇನು?"

ಮ್ಯಾಡಮ್ ಆವತ್ತು ಸೊಲ್ಲಾಪುರದಲ್ಲಿ ಮದುವೆಗೆ ಹೋಗಿದ್ದರು. "ಮದುವಿ ಮನ್ಯಾಗ ಅವರಿಗಿ ನಿನ್ನ ಫೋಟೋ ಯಾಕ? ಬಣ್ಣ ಸರಿ ಹತ್ತಿಲ್ಲ, ಅದಕ್ಕ ಹಂಗ ಕಾಣ್ತದ. ನಾ ಇಪ್ಪತ್ತಮೂರು ವರ್ಷ ನೋಡೀನಿ," ಎಂದೆ.

ಅವಳು ಇನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ ವೈವ್ಯಾಕ್ಸ್ ಎಂದು ಬರೆದಳು. ಎರಡನೆಯವರು ಹೇಳಿದ್ದೇ ಹೋಗಬೇಕು ಎಂಬ ರೂಢಿ ನನ್ನ ಕೆಲಸವನ್ನು ಸಲೀಸು ಮಾಡಿತು.

ಸಂಜೆ ಅವಳ ಸ್ಕೂಟಿಯ ಹಿಂದೆ ಕೂತು ಮನೆಗೆ ಹೋಗುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ಬಗೆಗೂ ಕ್ಲೋರೋಕ್ವಿನ್ ಕೊಡುತ್ತಾರೆ, ಜ್ವರ ಇಳಿಯುತ್ತದೆ, ಯಾರಿಗೇನು ನಷ್ಟ? ಹದಿನಾಲ್ಕು ದಿನ ಒಂದು ಮಾತ್ರೆ ಹೆಚ್ಚು, ಅಷ್ಟೇ. ಆದರೆ ಆ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೆಲವರ ರಕ್ತದಲ್ಲಿ ಜಿ-ಸಿಕ್ಸ್-ಪಿಡಿ ಎಂಬ ಅಂಶ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪುಕಣಗಳು ಒಡೆಯುತ್ತವೆ. ಅದಕ್ಕೇ ಮೊದಲು ಟೆಸ್ಟ್ ಮಾಡಬೇಕು. ಮಧ್ಯಾಹ್ನ ಆಸ್ಪತ್ರೆಯ ಡಾಕ್ಟರು ಆ ಟೆಸ್ಟನ್ನೂ ಬರೆದು ಕಳಿಸಿದ್ದರು, ಅದರ ರಿಪೋರ್ಟು ಬಂದ ಮೇಲೆಯೇ ಆ ಮಾತ್ರೆ ಶುರುಮಾಡಿ ಎಂದೂ ಚೀಟಿಯಲ್ಲಿತ್ತು. ಇನ್ನೇನು ಭಯ ಎಂದುಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಸೋಮವಾರ ಮುಂಜಾನೆ ಅವನ ಜಿ-ಸಿಕ್ಸ್-ಪಿಡಿ ರಿಪೋರ್ಟು ನನ್ನ ಮೇಜಿನ ಮೇಲೆ ಬಂತು. ತೀರ ಕಡಿಮೆಯಿತ್ತು. ಅರ್ಧ ಗಂಟೆಗೆ ಹೆಂಡತಿ ಅದನ್ನು ಒಯ್ಯಲು ಬಂದಳು.

"ಹದಿನಾಕ ದಿನದ ಗುಳಿಗಿ ಇನ್ನಾ ಶುರು ಮಾಡಿಲ್ಲಲ್ಲವ್ವಾ?" ಎಂದು ಕೇಳಿದೆ.

"ಮಾಡೀನ್ರಿ. ರಿಪೋಟ್ ಬಂದ ಮ್ಯಾಲೆ ಅಂದಿದ್ರು ಡಾಕ್ಟರು. ಆದ್ರ ನಿನ್ನಿ ಐತವಾರ ನೋಡ್ರಿ, ಮಲ್ಲಯ್ಯನ ವಾರ. ಔಷಧಕ್ಕ ಅದರಂಥ ದಿನ ಇಲ್ಲ. ನಿನ್ನಿ ಒಂದ ನುಂಗಿಸಿದೆ, ಇವತ್ತ ಒಂದ." ದನಿ ಇಳಿಸಿದಳು. "ಆದ್ರ ಅಕ್ಕೋರೆ, ನಾ ಈಗ ಬರಾಗ ಅವ ನೀರಿಗಿ ಹೋದ್ರ ಕಪ್ಪ ಚಾದಂಗ ಬಂತಂತ್ರಿ."

ಅವನ ಕೆಂಪುಕಣಗಳು ಒಡೆಯಲು ಶುರುವಾಗಿದ್ದವು. "ಇನ್ನೊಂದು ಗುಳಿಗಿ ಮುಟ್ಟಬ್ಯಾಡ. ಈಗಿಂದೀಗ ಅವನ್ನ ಆಸ್ಪತ್ರಿಗಿ ಕರಕೊಂಡ ಹೋಗು," ಎಂದು ರಿಪೋರ್ಟು ಅವಳ ಕೈಗಿಟ್ಟೆ, ಆಸ್ಪತ್ರೆಗೆ ನಾನೇ ಫೋನು ಮಾಡಿದೆ. ಫೋನಿಟ್ಟ ಮೇಲೆ ಒಂದು ನಿಮಿಷ ಕೂತೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮಾತ್ರೆ ನಿಂತಿತು, ಯಾರೂ ಏನೂ ಕೇಳುವುದಿಲ್ಲ. ಆದರೆ ಕಾಗದದ ಮೇಲೆ ಅವನು ಇನ್ನೂ ವೈವ್ಯಾಕ್ಸ್ ರೋಗಿ. ಅಂಥವರಿಗೆ ಸುಧಾರಿಸಿದ ಮೇಲೆ ಅದೇ ಮಾತ್ರೆಯನ್ನು ವಾರಕ್ಕೊಂದರಂತೆ ಎಂಟು ವಾರ, ಡಾಕ್ಟರ ಕಣ್ಣೆದುರಿಗೆ ಕೊಡುವುದುಂಟು. ಈ ಮನುಷ್ಯನಿಗೆ ಅದರ ಒಂದು ಚೂರೂ ಬೇಕಿರಲಿಲ್ಲ. ಅದನ್ನು ತಿಳಿದವಳು ನಾನೊಬ್ಬಳೇ.

ಸ್ಲೈಡು ಹಿಡಿದು ಮ್ಯಾಡಮ್ ಕೋಣೆಗೆ ಹೋದೆ. ಜ್ವರದ ವಾರಗಳನ್ನು ಹೇಳಿದೆ, ಒಡಿಶಾ ಹೇಳಿದೆ, ಇದು ಮಲೇರಿಯೇ ಇರಬೇಕು ಎಂದೆ. ಅವರು ಬಹಳ ಹೊತ್ತು ನೋಡಿದರು. ಪಟ್ಟಿಗಳು ಸಿಕ್ಕವು. ಒಂದು ಕಡೆ ನಡುವೆ ಕಂದು ಬಣ್ಣ, ಸುತ್ತ ಸೇವಂತಿಗೆಯ ಎಸಳಿನಂತೆ ಪ್ಯಾರಾಸೈಟಿನ ಎಂಟು ಮರಿಗಳು, ಮಲೇರಿಯೇದ ಆ ಇನ್ನೊಂದು ಗುರುತೂ ಸಿಕ್ಕಿತು. ಆಸ್ಪತ್ರೆಗೆ ತಾವೇ ಫೋನು ಮಾಡಿ ರಿಪೋರ್ಟು ಬದಲಿಸಿದರು, ಖಾತ್ರಿಗೆಂದು ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ಆಮೇಲೆ ಹೊರಗೆ ಬಂದು ಎಲ್ಲರೆದುರು ನನ್ನ ಭುಜ ತಟ್ಟಿ ಮರಾಠಿಯಲ್ಲಿ ಹೇಳಿದರು. "ನೋಡಿ, ಅನುಭವ ಅಂದರೆ ಇದು. ಮಷಿನ್ನಿಗೆ ಇದು ಬರುತ್ತದೆಯೇ?"

ಇಪ್ಪತ್ತಮೂರು ವರ್ಷ ಕಾದಿದ್ದ ಮಾತು ಅದು. ಶನಿವಾರದ ರಿಪೋರ್ಟಿನ ಮೇಲೆ ಇದ್ದದ್ದು ತಂಗಿಯ ಸಹಿ. ಮೊದಲು ಕಂಡದ್ದು ಅವಳಿಗೆ, ವೈವ್ಯಾಕ್ಸ್ ಎಂದು ಬರೆಸಿದ್ದು ನಾನು ಎನ್ನಲು ಬಾಯಿ ತೆರೆಯಲಿಲ್ಲ. ಅವಳು ನಾಲ್ಕು ಹೆಜ್ಜೆ ದೂರದಲ್ಲಿ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುತ್ತ ನಿಂತಿದ್ದಳು. ಬಂದು ನನ್ನ ಕೈ ಹಿಡಿದುಕೊಂಡಳು.

"ಭಾಳ ಛಲೋ ಆತು ಅಕ್ಕಾ. ನನಗ ಬರೇ ಅನುಮಾನ ಇತ್ತು. ನೀ ಮತ್ತ ತಗದು ನೋಡಿದಿ, ಇಲ್ಲಂದ್ರ ಆ ಮನಷ್ಯಾನ ಗತಿ ಏನಾಗ್ತಿತ್ತು?"

ಅವಳ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ. ಒಂದಿಷ್ಟಾದರೂ ಇದ್ದರೆ ನನಗೆ ಆರಾಮ ಆಗುತ್ತಿತ್ತು. ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ನನಗೆ ಬಾರದ ಇದೊಂದು ಗುಣವನ್ನೂ ಇವಳಿಗೇ ಕೊಡಬೇಕಿತ್ತೇ ದೇವರು ಎಂದು.

ಆ ಮನುಷ್ಯ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ರಕ್ತ ಕೊಡುವಷ್ಟು ಕೆಡಲಿಲ್ಲ, ಮೂತ್ರದ ಬಣ್ಣ ತಿಳಿಯಾಯಿತು. ಮಂಗಳವಾರ ಬರಬೇಕಿದ್ದ ಜ್ವರ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ದೊಡ್ಡ ಲ್ಯಾಬಿನಿಂದಲೂ ಮಲೇರಿಯೇ ಎಂದೇ ಬಂತು. ಹೆಂಡತಿ ಪೇಢೆ ತಂದುಕೊಟ್ಟು, ಏಳರಲ್ಲಿ ಯಾವ ದೇವರ ಹರಕೆ ಮೊದಲು ತೀರಿಸಲಿ ಎಂದು ನನ್ನನ್ನೇ ಕೇಳಿದಳು. ಎಲ್ಲಾ ಬಿಟ್ಟು ಇನ್ನೊಂದು ತಿಂಗಳಿಗೆ ಅವನ ರಕ್ತ ತೋರಿಸು ಎಂದೆ. ಪೇಢೆಯನ್ನು ತಂಗಿಯ ಮೇಜಿನ ಮೇಲೆ ಇಟ್ಟೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ವಾರದಿಂದ ತಂಗಿ ಬದಲಾದಳು. ಕಣ್ಣು ಮುಚ್ಚಿ ಹೇಳಬಹುದಾದ ವೈವ್ಯಾಕ್ಸಿಗೂ "ಅಕ್ಕಾ, ಒಂಚೂರ ನೋಡು" ಎನ್ನತೊಡಗಿದಳು. ನೂರು ಕಡೆ ನೋಡುವಲ್ಲಿ ಇನ್ನೂರು ಕಡೆ ನೋಡುವಳು, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬಗ್ಗುವಳು. ಮಧ್ಯಾಹ್ನಕ್ಕೆ ಹೋಗಬೇಕಾದ ರಿಪೋರ್ಟು ಸಂಜೆಗೆ ಹೋಗತೊಡಗಿತು. ಮೊದಮೊದಲು ನನಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಪ್ರತಿ ಸ್ಲೈಡಿಗೂ ನನ್ನನ್ನು ಕರೆಯಬೇಕು, ನಾನು ಕನ್ನಡಕ ಸರಿಮಾಡಿಕೊಳ್ಳುತ್ತ ಹೋಗಬೇಕು, ಹೂಂ ಅನ್ನಬೇಕು. ಇದನ್ನೇ ತಾನೇ ನಾನು ಬಯಸಿದ್ದು? ಅಕ್ಟೋಬರ್ ಹೊತ್ತಿಗೆ ಅವಳು ಕರೆಯುವ ದನಿ ಕೇಳಿದರೆ ನನಗೆ ಬೆವರು ಬರುತ್ತಿತ್ತು.

ದೀಪಾವಳಿಗೆ ಹತ್ತು ದಿನ ಇರುವಾಗ ಮ್ಯಾಡಮ್ ನನ್ನನ್ನು ಕರೆದು ಚಹಾ ಕೊಟ್ಟರು. "ನಿಮ್ಮ ತಂಗಿಗೆ ಈಗೀಗ ಧೈರ್ಯ ಸಾಲುತ್ತಿಲ್ಲ. ಅವಳನ್ನು ಮೂತ್ರದ ಟೆಸ್ಟಿನ ಕಡೆ ಹಾಕೋಣವೆಂದಿದ್ದೇನೆ. ಮಲೇರಿಯಾದ ಕೊನೆಯ ಮಾತು ನಿಮ್ಮದೇ ಇರಲಿ. ಏನಂತೀರಿ?" ಎಂದರು.

ಹೂಂ ಎಂದಿದ್ದರೆ ಸಾಕಿತ್ತು. ಹೂಂ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವಳು ಬಾಗಿಲು ತಳ್ಳಿ ಒಳಗೆ ಬಂದಳು, ಕೈಯಲ್ಲಿ ಸ್ಲೈಡಿನ ತಟ್ಟೆ. "ಅಕ್ಕಾ, ಒಂಚೂರ ನೋಡು ಬಾ. ನನಗ ತಿಳಿವಲ್ದು," ಎಂದಳು. ತಟ್ಟೆಯಲ್ಲಿದ್ದದ್ದು ಒಂದೇ ಸ್ಲೈಡು. ಅದನ್ನು ಅವಳು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಆ ಶನಿವಾರ ಅದು ಮಲೇರಿಯೇ ಅಂತ ನನಗೆ ಕಂಡಿತ್ತು," ಎಂದು ಮ್ಯಾಡಮ್‌ಗೆ ಮರಾಠಿಯಲ್ಲಿ ಹೇಳಿದೆ. "ಮೊದಲು ಹಿಡಿದವಳು ಇವಳು. ಬಣ್ಣವೂ ಚೆನ್ನಾಗಿ ಹತ್ತಿತ್ತು. ಇವಳಿಗೆ ಹೆಸರು ಬರುತ್ತದೆಂದು ವೈವ್ಯಾಕ್ಸ್ ಬರೆಸಿದೆ." ಒಮ್ಮೆ ಶುರುವಾದ ಮೇಲೆ ಅರವತ್ತಕ್ಕೇ ನಿಲ್ಲಿಸಿದ ಮೊದಲನೆಯ ಸ್ಲೈಡಿನ ಮಾತನ್ನೂ ಹೇಳಿಬಿಟ್ಟೆ.

ಮ್ಯಾಡಮ್ ಕಪ್ಪು ಕೆಳಗಿಟ್ಟರು. ಬಯ್ಯಲಿಲ್ಲ. ನಾಳೆಯಿಂದ ಮೂತ್ರದ ಕಡೆ ನೀವು ಕೂರಿ ಎಂದಷ್ಟೇ ಹೇಳಿ ಹೊರಗೆ ಹೋದರು.

ತಂಗಿ ನಿಂತಲ್ಲೇ ನಿಂತಿದ್ದಳು.

"ಖರೇನ ಕಂಡಿತ್ತಾ ಅಕ್ಕಾ ನಿನಗ?"

"ಕಂಡಿತ್ತು."

"ನಾ ಕಣ್ಣಿನ ಡಾಕ್ಟರ ಕಡೆ ಎರಡ ಸಲ ಹೋಗಿ ಬಂದೆ," ಎಂದಳು. "ಕಣ್ಣು ಛಲೋ ಅವ ಅಂದ್ರು ಅವರು. ನಾನಽ ನಂಬಲಿಲ್ಲ. ನೀ ವೈವ್ಯಾಕ್ಸ್ ಅಂದಿದ್ದಿ, ಆಮ್ಯಾಲೆ ನೀನಽ ಮಲೇರಿಯೇ ಅಂದಿ. ನೀ ಹಾಂಗ ಮಾಡ್ತಿ ಅಂತ ತಲ್ಯಾಗ ಬರಲೇ ಇಲ್ಲ. ನನ್ನ ಕಣ್ಣಽ ಕೆಟ್ಟಾವ ಅಂದ್ಕೊಂಡೆ."

ಅವಳು ಅಳಲಿಲ್ಲ. ತಟ್ಟೆ ತೆಗೆದುಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸ್ಲೈಡು ಇಟ್ಟಳು, ಎಣ್ಣೆಯ ಹನಿ ಬಿಟ್ಟಳು, ಬಗ್ಗಿದಳು. ಬಹಳ ಹೊತ್ತೇನೂ ಹಿಡಿಯಲಿಲ್ಲ. ರಿಪೋರ್ಟು ಬರೆದು ಸಹಿ ಮಾಡಿ, ಇನ್ನೊಂದು ಸ್ಲೈಡು ಎತ್ತಿಕೊಂಡಳು. ನಾನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕಾಯುತ್ತಲೇ ಇದ್ದೆ. ಅವಳು ನನ್ನನ್ನು ಕರೆಯಲಿಲ್ಲ.